ಹಿಮೋಗ್ಲೋಬಿನ್ ಅನಿಮೇಷನ್: ಕ್ಯಾಮೆರಾ ಎಲ್ಲಿ ಚಲಿಸಬೇಕು, ಎಲ್ಲಿ ನಿಲ್ಲಬೇಕು

ಪಾಠಕ್ಕೆ ಬೇಕಾದ ಅಣುಗಳ ಅನಿಮೇಷನ್ ಮಾಡಿಕೊಳ್ಳಲು ಈಗ ಸ್ಟುಡಿಯೊ ಬೇಕಿಲ್ಲ. ದಾವಣಗೆರೆಯ ಯಾವುದೇ ಕಾಲೇಜಿನ ಅಧ್ಯಾಪಕರು ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ, ಬೋಧನೆಯ ಬಳಕೆಗೆ ಉಚಿತವಾಗಿ ಸಿಗುವ ಕಿಮೇರಾ ಎಕ್ಸ್ ತಂತ್ರಾಂಶದಿಂದ ಅದನ್ನು ತಯಾರಿಸಬಹುದು. ಆದರೆ ಹೀಗೆ ತಯಾರಾದ ಹಲವು ವಿಡಿಯೊಗಳಲ್ಲಿ ಬಣ್ಣಬಣ್ಣದ ಪ್ರೋಟೀನು ಮೊದಲಿನಿಂದ ಕೊನೆಯವರೆಗೆ ಗಿರಗಿರ ತಿರುಗುತ್ತಲೇ ಇರುತ್ತದೆ. ಎಲ್ಲಿ ನೋಡಬೇಕೆಂಬುದು ವಿದ್ಯಾರ್ಥಿಗೆ ಹೊಳೆಯುವುದೇ ಇಲ್ಲ. ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಅಂಟಿಕೊಳ್ಳುವ ಪಾಠವನ್ನೇ ಉದಾಹರಣೆಯಾಗಿಟ್ಟುಕೊಂಡು, ಕ್ಯಾಮೆರಾದಿಂದ ಅವರ ಗಮನವನ್ನು ಹೇಗೆ ನಡೆಸಬೇಕೆಂದು ನೋಡೋಣ.

ತಂತ್ರಾಂಶ ತೆರೆಯುವ ಮೊದಲು ಕಾಗದದ ಮೇಲೆ ಪ್ರಶ್ನೆಗಳನ್ನು ಬರೆದುಕೊಳ್ಳಿ. ಈ ಅಣುವಿನಲ್ಲಿ ಎಷ್ಟು ಪ್ರೋಟೀನ್ ಸರಪಳಿಗಳಿವೆ? ಆಮ್ಲಜನಕ ಕೂರುವುದು ಎಲ್ಲಿ? ಕೂತ ಮೇಲೆ ಏನು ಬದಲಾಗುತ್ತದೆ? ಪ್ರತಿ ಪ್ರಶ್ನೆಗೂ ಒಂದು ನೋಟ ಸಾಕು. ಒಂದು ಪ್ರಶ್ನೆಯಿಂದ ಮುಂದಿನದಕ್ಕೆ ಹೋಗುವಾಗ ಮಾತ್ರ ಕ್ಯಾಮೆರಾ ಚಲಿಸಲಿ.

ಪ್ರೋಟೀನುಗಳ ರಚನೆಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಲತಾಣದಿಂದ ಎರಡು ರಚನೆಗಳ ಕಡತಗಳನ್ನು ಇಳಿಸಿಕೊಳ್ಳಿ: ಆಮ್ಲಜನಕವಿಲ್ಲದ ಸ್ಥಿತಿಗೆ 4ಎಚ್‌ಎಚ್‌ಬಿ, ಆಮ್ಲಜನಕ ಹೊತ್ತ ಸ್ಥಿತಿಗೆ 1ಎಚ್‌ಎಚ್‌ಒ. ಎರಡನೆಯ ಕಡತದಲ್ಲಿ ಇರುವುದು ಅರ್ಧ ಅಣು, ಅಂದರೆ ಒಂದು ಆಲ್ಫಾ ಮತ್ತು ಒಂದು ಬೀಟಾ ಸರಪಳಿ ಮಾತ್ರ. ಉಳಿದರ್ಧವನ್ನು ಕಡತದಲ್ಲೇ ಇರುವ ಜೈವಿಕ ಜೋಡಣೆಯ (ಪೂರ್ಣ ಅಣುವಿನಲ್ಲಿ ಸರಪಳಿಗಳು ಹೇಗೆ ಕೂಡಿರುತ್ತವೆ ಎಂಬುದರ) ಮಾಹಿತಿಯಿಂದ ತಂತ್ರಾಂಶವೇ ಕಟ್ಟಿಕೊಡುತ್ತದೆ. ಅದನ್ನು ಮರೆತರೆ ನಾಲ್ಕು ಸರಪಳಿಗಳ ಪಾಠ ಎರಡಕ್ಕೇ ನಿಲ್ಲುತ್ತದೆ.

ಮೊದಲ ನೋಟದಲ್ಲಿ ಇಡೀ ಅಣು ಕಾಣಬೇಕು. ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿಗೆ ಬೇರೆ ಬೇರೆ ಬಣ್ಣವಿರಲಿ, ನಾಲ್ಕು ಹೀಮ್‌ಗಳು ಕೆಂಪಗಿರಲಿ. ಹೀಮ್ ಎಂದರೆ ಪ್ರತಿ ಸರಪಳಿಯಲ್ಲೂ ಇರುವ, ನಡುವೆ ಕಬ್ಬಿಣದ ಪರಮಾಣುವುಳ್ಳ ಚಪ್ಪಟೆ ಭಾಗ; ಆಮ್ಲಜನಕ ಕೂರುವುದು ಅಲ್ಲೇ. ಇಲ್ಲಿ ಪೂರ್ತಿ ಸುತ್ತು ಬೇಡ. ಎಡಕ್ಕೂ ಬಲಕ್ಕೂ ಹದಿನೈದು ಡಿಗ್ರಿಯಷ್ಟು ಮೆಲ್ಲಗೆ ತೂಗಿದರೂ ಮುಂದಿನ ಭಾಗ ಒಂದು ಕಡೆಗೆ, ಹಿಂದಿನದು ಅದರ ಎದುರು ಕಡೆಗೆ ಸರಿದಂತೆ ಕಂಡು ಆಳದ ಅರಿವು ತಾನಾಗಿ ಮೂಡುತ್ತದೆ. ಸುತ್ತು ಪೂರ್ತಿಯಾದರೆ ಈಗಷ್ಟೇ ಗುರುತಿಸಿದ ಸರಪಳಿ ಹಿಂದಕ್ಕೆ ಹೋಗಿ ಮರೆಯಾಗುತ್ತದೆ.

ಬಳಿಕ ಒಂದು ಹೀಮ್‌ನತ್ತ ಸಾಗಿ. ನೇರ ಅಲ್ಲಿಗೆ ಕತ್ತರಿಸಿ ಹಾರಬಾರದು. ಚಿತ್ರದುರ್ಗದ ಕೋಟೆಗೆ ಬಂದವರನ್ನು ಕಣ್ಣು ಕಟ್ಟಿ ಒನಕೆ ಓಬವ್ವನ ಕಿಂಡಿಯ ಬಳಿ ಇಳಿಸಿದರೆ ಕೋಟೆಯ ಒಳಗು ಯಾವುದು, ಹೊರಗು ಯಾವುದೆಂದು ಅವರಿಗೆ ತಿಳಿಯದು. ಇಲ್ಲಿಯೂ ಹಾಗೆಯೇ. ಕಿಮೇರಾ ಎಕ್ಸ್‌ನ ‘ವ್ಯೂ’ ಆದೇಶದಿಂದ ದೂರದ, ನಡುವಿನ, ಹತ್ತಿರದ ನೋಟಗಳಿಗೆ ಹೆಸರಿಟ್ಟು ಉಳಿಸಿ. ‘ಫ್ಲೈ’ ಆದೇಶ ಅವನ್ನು ಒಂದೇ ನಯವಾದ ಹಾದಿಯಾಗಿ ಬೆಸೆಯುತ್ತದೆ. ಹಾದಿಯುದ್ದಕ್ಕೂ ಆ ಕೆಂಪು ಹೀಮ್ ಪರದೆಯ ನಡುಭಾಗದಲ್ಲೇ ಉಳಿಯಬೇಕು. ಉಳಿದ ಸರಪಳಿಗಳು ಮಸುಕಾಗುತ್ತಾ ಹೋಗಲಿ.

ವೇಗದ ಲೆಕ್ಕ ಸುಲಭ. ಸೆಕೆಂಡಿಗೆ 25 ಫ್ರೇಮುಗಳ ವಿಡಿಯೊದಲ್ಲಿ ಫ್ರೇಮಿಗೆ 1 ಡಿಗ್ರಿ ತಿರುಗಿಸಿದರೆ ಸೆಕೆಂಡಿಗೆ 25 ಡಿಗ್ರಿಯಾಗುತ್ತದೆ. ಹಾಸ್ಟೆಲ್ಲಿನಲ್ಲಿ ಮೊಬೈಲಿನಲ್ಲಿ ನೋಡುವವರಿಗೆ ಅದೂ ಹೆಚ್ಚು. ಅದರ ಅರ್ಧಕ್ಕೆ ಇಳಿಸಿ ಎಂದೇ ನನ್ನ ಸಲಹೆ.

ಇನ್ನು ನಿಲ್ಲುವ ವಿಷಯ. ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಕಪ್ಪು ಹಿನ್ನೆಲೆಯಲ್ಲಿ ತೇಲುವ ಅಣುವಿಗೆ ನೆಲವಿಲ್ಲ, ದಿಗಂತವಿಲ್ಲ. ಕ್ಯಾಮೆರಾ ಅದನ್ನು ಸುತ್ತಿದರೂ, ಅಣುವೇ ತಿರುಗಿದರೂ ನೋಡುವವರಿಗೆ ಎರಡೂ ಒಂದೇ. ಆದ್ದರಿಂದ ಅಣು ಚಲಿಸುವಾಗ ಕ್ಯಾಮೆರಾ ಕದಲಬಾರದು. ಆಮ್ಲಜನಕವಿಲ್ಲದಾಗ ಕಬ್ಬಿಣದ ಪರಮಾಣು ಹೀಮ್‌ನ ಸಮತಲದಿಂದ ಸುಮಾರು 0.4 ಆಂಗ್‌ಸ್ಟ್ರಾಮ್ ಹೊರಗಿರುತ್ತದೆ. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಆಮ್ಲಜನಕ ಬಂದು ಕೂಡಿದಾಗ ಕಬ್ಬಿಣ ಸಮತಲಕ್ಕೆ ಸರಿಯುತ್ತದೆ, ತನಗಂಟಿದ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನೂ ಎಳೆದುಕೊಳ್ಳುತ್ತದೆ. ಈ ಪುಟ್ಟ ಚಲನೆ ಕಾಣಬೇಕಾದರೆ ಹೀಮ್ ಅನ್ನು ಅಂಚಿನಿಂದ, ಒಂದು ಗೆರೆಯಂತೆ ಕಾಣುವ ಕೋನದಿಂದ ತೋರಿಸಿ, ಕ್ಯಾಮೆರಾ ನಿಲ್ಲಿಸಿ, ಒಂದೆರಡು ಸೆಕೆಂಡು ಕಾದು ಆಮೇಲೆ ಕಬ್ಬಿಣವನ್ನು ಚಲಿಸಿ.

ಈ ಎಳೆತ ಇಡೀ ಅಣುವಿಗೆ ಹಬ್ಬುವುದನ್ನು ತೋರಿಸಲು ಬಂದ ಹಾದಿಯಲ್ಲೇ ಹಿಂದಕ್ಕೆ ಸರಿಯಿರಿ. ಎರಡೂ ರಚನೆಗಳನ್ನು ಒಂದು ಆಲ್ಫಾ-ಬೀಟಾ ಜೋಡಿಯ ಮೇಲೆ ಹೊಂದಿಸಿಡಿ. ಆ ಜೋಡಿಯೇ ನೋಡುವವರಿಗೆ ನೆಲವಾಗುತ್ತದೆ. ಇನ್ನೊಂದು ಜೋಡಿ ಸುಮಾರು 15 ಡಿಗ್ರಿ ಹೊರಳುವುದು ನಿಚ್ಚಳವಾಗಿ ಕಾಣುತ್ತದೆ. ‘ಮಾರ್ಫ್’ ಆದೇಶ ನಡುವಿನ ಹಂತಗಳನ್ನು ಲೆಕ್ಕ ಹಾಕಿ ತುಂಬುತ್ತದೆಯೇ ಹೊರತು ಅವು ಪ್ರಯೋಗದಲ್ಲಿ ಕಂಡವಲ್ಲ. ಈ ಮಾತನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳಿ.

ಮುಗಿದ ವಿಡಿಯೊವನ್ನು ಧ್ವನಿಯಿಲ್ಲದೆ ಇಬ್ಬರು ವಿದ್ಯಾರ್ಥಿಗಳಿಗೆ ತೋರಿಸಿ, ಏನು ಚಲಿಸಿತು ಎಂದು ಕೇಳಿ. ಉತ್ತರ ತಡವರಿಸಿದರೆ ಬಾಣದ ಗುರುತು, ಹೆಸರಿನ ಚೀಟಿಗಳನ್ನು ಸೇರಿಸಲು ಹೋಗಬೇಡಿ. ಆ ಜಾಗದಲ್ಲಿ ಕ್ಯಾಮೆರಾದ ಒಂದು ಚಲನೆಯನ್ನು ತೆಗೆದುಹಾಕಿ ಮತ್ತೊಮ್ಮೆ ತೋರಿಸಿ.