ನನ್ನ ಅನುಭವ: ಬುಲೆಟ್ ಸ್ಟೇಟರ್ ಪಂಪ್‌ಸೆಟ್ ಅಂಗಡಿಯಲ್ಲಿ ಸುತ್ತಿಸಿದ್ದು

ಪಂಪ್‌ಸೆಟ್ ಮೋಟರ್ ಸುತ್ತುವವರ ಕೈಗೆ ಬುಲೆಟ್ ಬೈಕಿನ ಸ್ಟೇಟರ್ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ, ತಾಮ್ರದ ಕಾಯಿಲುಗಳಿರುವ ಭಾಗ) ಹೊಸದಾಗಿ ಸುತ್ತಲು ಕೊಟ್ಟರೆ ಆರು ತಿಂಗಳೂ ಬಾಳುವುದಿಲ್ಲ ಎಂದವರೇ ನಮ್ಮ ಕಡೆ ಹೆಚ್ಚು. ನನ್ನದು ಕೂತು ಎರಡು ಮಳೆಗಾಲ ದಾಟಿತು, ಹನ್ನೆರಡು ಸಾವಿರ ಕಿಲೋಮೀಟರ್ ಹತ್ತಿರ ಓಡಿರಬೇಕು. ಈಗಲೂ ಎಂಜಿನ್ ಸ್ವಲ್ಪ ಏರಿಸಿದರೆ ಬ್ಯಾಟರಿ ತುದಿಯಲ್ಲಿ 14 ವೋಲ್ಟ್ ಆಸುಪಾಸು ನಿಲ್ಲುತ್ತದೆ. ಆಗ ನಕ್ಕ ಮೆಕ್ಯಾನಿಕ್ಕುಗಳೇ ಈಗ ಗಿರಾಕಿಗಳ ಕಾಯಿಲ್ ಅದೇ ಅಂಗಡಿಗೆ ಕಳಿಸುತ್ತಿದ್ದಾರೆ, ಅದೂ ನನ್ನ ಹೆಸರು ಹೇಳದೆ!

ಗಾಡಿ 1994ರ ಸ್ಟ್ಯಾಂಡರ್ಡ್ 350. ಕಾಸ್ಟ್ ಐರನ್ ಎಂಜಿನ್, 12 ವೋಲ್ಟ್, ಪಾಯಿಂಟ್ ಇಗ್ನಿಷನ್ (ಬ್ಯಾಟರಿಯ ಕರೆಂಟಿನಿಂದಲೇ ಕಿಡಿ), ಬಲಗಾಲಿನ ಗೇರು. ಓಡಾಟ ಮೂಡಿಗೆರೆ, ಕೊಟ್ಟಿಗೆಹಾರದ ಸುತ್ತ, ಆಗಾಗ ಚಾರ್ಮಾಡಿ ಇಳಿದು ಉಜಿರೆ. ಕಾಯಿಲೆ ಹೀಗಿತ್ತು: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಂಪ್ ಮೀಟರ್ ಮುಳ್ಳು ಚಂದವಾಗಿ ಬಲಕ್ಕೆ ಹೋಗುತ್ತದೆ (ಬಲಕ್ಕೆ ಹೋದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ, ಎಡಕ್ಕೆ ಬಿದ್ದರೆ ಖಾಲಿಯಾಗುತ್ತಿದೆ ಎಂದರ್ಥ). ಅರ್ಧ ಗಂಟೆ ಓಡಿದ ಮೇಲೆ ಮಧ್ಯಕ್ಕೆ ಬಂದು ಕೂರುತ್ತದೆ. ಹಾರ್ನ್ ಹೊಡೆದರೆ, ಬ್ರೇಕ್ ಒತ್ತಿದರೆ ಎಡಕ್ಕೆ ಬೀಳುತ್ತದೆ, ಮತ್ತೆ ಮೇಲೇಳುವುದಿಲ್ಲ. ಪಾಯಿಂಟ್ ಗಾಡಿಗೆ ಬ್ಯಾಟರಿ ಸತ್ತರೆ ಕಿಡಿಯೂ ಇಲ್ಲ. ಘಾಟಿ ಹತ್ತುವಾಗ ಎಂಜಿನ್ ಕೆಮ್ಮಲು ಶುರು ಮಾಡಿದರೆ ಕಾರ್ಬುರೇಟರ್ ಬಿಚ್ಚುವವರೇ ಎಲ್ಲ.

ಎಲ್ಲರನ್ನೂ ದಾರಿ ತಪ್ಪಿಸಿದ್ದು ಹೆಡ್‌ಲೈಟ್. ನನ್ನ ಗಾಡಿಯಲ್ಲಿ ಹೆಡ್‌ಲೈಟಿಗೆ ಎ.ಸಿ. ಕಾಯಿಲ್ ಬೇರೆ, ಚಾರ್ಜಿಂಗಿಗೆ ಬೇರೆ. ಲೈಟು ಧಾರಾಳ ಉರಿಯುತ್ತಿತ್ತು. 'ಲೈಟ್ ಹೀಗೆ ಉರಿತಿದೆ, ಸ್ಟೇಟರ್ ಹೇಗೆ ಹೋಗ್ತದೆ ಮಾರಾಯ್ರೆ' ಅಂತ ಒಬ್ಬರಾದ ಮೇಲೆ ಒಬ್ಬರು ಅಂದರು. ಹೀಗೆ ಶುರುವಾಯಿತು ಖರ್ಚು. ಹೊಸ ಬ್ಯಾಟರಿ 1,300ರ ಹತ್ತಿರ, ಅದು ಚಾರ್ಜ್ ಇಲ್ಲದೆ ಸತ್ತು ಮತ್ತೊಂದು. ಆರ್‌ಆರ್ ಯೂನಿಟ್ (ಸ್ಟೇಟರಿನ ಎ.ಸಿ.ಯನ್ನು ಬ್ಯಾಟರಿಗೆ ತಕ್ಕ ಡಿ.ಸಿ. ಮಾಡುವ ಡಬ್ಬಿ) ಆರೇಳು ನೂರು. ಪೂರ್ತಿ ವೈರಿಂಗ್ ಬದಲಿಸಿದ್ದು, ಕೂಲಿ ಸೇರಿ ಮೂರು ಸಾವಿರಕ್ಕೆ ಸ್ವಲ್ಪ ಕಮ್ಮಿ. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು 'ಕಂಪನಿ ಮಾಲು' ಸ್ಟೇಟರ್ ತರಿಸಿದೆ, ಸುಮಾರು 1,600. ಡಬ್ಬದ ಮೇಲಿನ ಅಚ್ಚು ಮಾತ್ರ ಕಂಪನಿಯದು. ಅದು ಒಂದು ಮಳೆಗಾಲವನ್ನೂ ಪೂರ್ತಿ ನೋಡಲಿಲ್ಲ. ಎಲ್ಲ ಸೇರಿ ಎಂಟು ಸಾವಿರದ ಹತ್ತಿರ ಹೋಯಿತು, ಮುಳ್ಳು ಮಾತ್ರ ಮಧ್ಯದಲ್ಲೇ.

ಈಗ ಪತ್ತೆ ಹಚ್ಚಿದ ಬಗೆ. ಮಲ್ಟಿಮೀಟರಿನ ಓಮ್ಸ್ (ರೆಸಿಸ್ಟೆನ್ಸ್) ರೇಂಜಿನಲ್ಲಿ ಸ್ಟೇಟರ್ ನೋಡುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಒಂದು ಓಮಿಗೂ ಕಮ್ಮಿ ಇರುವ ಕಾಯಿಲನ್ನು, ವೈರಿನದೇ 0.3 ತೋರಿಸುವ ಮೀಟರಿನಲ್ಲಿ ಅಳೆದು ಏನು ತಿಳಿಯುತ್ತದೆ? ನಾಲ್ಕು ಸುತ್ತು ಒಳಗೇ ಶಾರ್ಟ್ ಆಗಿದ್ದರೂ ಕಾಣುವುದಿಲ್ಲ. ನಾನು ಮಾಡಿದ್ದು ಇಷ್ಟು. ಬ್ಯಾಟರಿಯಿಂದ ಒಂದು 21 ವ್ಯಾಟಿನ ಇಂಡಿಕೇಟರ್ ಬಲ್ಬ್, ಅದರ ಹಿಂದೆ ಸರಣಿಯಲ್ಲಿ ಸ್ಟೇಟರ್ ಕಾಯಿಲ್. ಒಂದು ಮೀಟರಿನಲ್ಲಿ ಕರೆಂಟು, ಇನ್ನೊಂದರಲ್ಲಿ ಕಾಯಿಲಿನ ಎರಡು ತುದಿಯ ವೋಲ್ಟ್. ಒಂದೂವರೆ ಆಂಪಿಗೆ ಸ್ವಲ್ಪ ಮೇಲೆ ಹರಿಯುತ್ತದೆ. ಭಾಗಾಕಾರ ಮಾಡಿದರೆ ನಿಜವಾದ ಓಮ್ಸ್ ಸಿಗುತ್ತದೆ, ವೈರಿನ ತಂಟೆಯಿಲ್ಲ.

ಇದನ್ನು ತಣ್ಣಗಿದ್ದಾಗ ಒಮ್ಮೆ, ಬಿಸಿಯಲ್ಲಿ ಒಮ್ಮೆ ಮಾಡಬೇಕು, ಇಡೀ ಆಟ ಇರುವುದು ಅಲ್ಲೇ. ಹಳೇ ಬಾಣಲೆಯಲ್ಲಿ ಎಂಜಿನ್ ಆಯಿಲ್ ಹಾಕಿ, ಸ್ಟೇಟರ್ ಮುಳುಗಿಸಿ, ಮೀಟರಿನ ಜೊತೆ ಬರುವ ಟೆಂಪರೇಚರ್ ವೈರು ಇಳಿಬಿಟ್ಟು ಸಣ್ಣ ಉರಿಯಲ್ಲಿ ಸುಮಾರು 100 ಡಿಗ್ರಿಗೆ ತಂದೆ. (ಅಂಗಳದಲ್ಲಿ ಮಾಡಿ. ಅಡುಗೆಮನೆಯಲ್ಲಿ ಮಾಡಿದರೆ ಮನೆಯವರು ಬಿಡುವುದಿಲ್ಲ, ಬಿಡಲೂಬಾರದು.) ತಾಮ್ರ ಬಿಸಿಯಾದರೆ ರೆಸಿಸ್ಟೆನ್ಸ್ ಏರಬೇಕು, ಹತ್ತು ಡಿಗ್ರಿಗೆ ಶೇ. 4ರಷ್ಟು. ತಣ್ಣಗಿದ್ದಾಗ 0.8 ಇದ್ದ ನನ್ನ ಕಾಯಿಲ್ ಬಿಸಿಯಲ್ಲಿ 1ರ ಹತ್ತಿರ ಹೋಗಬೇಕಿತ್ತು. ಅದು 0.6ಕ್ಕೆ ಇಳಿಯಿತು. ಬಿಸಿಯಾದಾಗ ತಂತಿಯ ಮೇಲಿನ ಕರೆಂಟು ತಡೆಯುವ ಲೇಪ, ಅಂದರೆ ಇನಾಮಲ್, ಬಿಟ್ಟುಕೊಟ್ಟು ಸುತ್ತುಗಳು ಒಂದಕ್ಕೊಂದು ತಾಗುತ್ತಿವೆ ಎಂದರ್ಥ. ಆರಿದ ಮೇಲೆ ಮತ್ತೆ 0.8! ಮೆಕ್ಯಾನಿಕ್ ಬಿಚ್ಚಿ ನೋಡುವ ಹೊತ್ತಿಗೆ ಗಾಡಿ ಆರಿರುತ್ತದೆ, ಎಲ್ಲ ಸರಿ ಕಾಣುತ್ತದೆ.

ಅದೇ ಬಿಸಿ ಸ್ಟೇಟರನ್ನು ಬಟ್ಟೆಯಲ್ಲಿ ಸುತ್ತಿ ವೈಂಡಿಂಗ್ ಅಂಗಡಿಗೆ ಒಯ್ದೆ. ಮೇಸ್ತ್ರಿ 500 ವೋಲ್ಟಿನ ಮೆಗ್ಗರ್ (ಕರೆಂಟು ಸೋರುತ್ತಿದೆಯಾ ನೋಡುವ ಮೀಟರ್) ಹಾಕಿದರು. ಕಾಯಿಲಿನಿಂದ ಕಬ್ಬಿಣದ ಕೋರಿಗೂ ಲೀಕ್. ಪಂಪ್ ಅಂಗಡಿಗೆ ಹೋಗಲು ನಿಜವಾದ ಕಾರಣ ಈ ಮೆಗ್ಗರ್. ಬೈಕ್ ಗ್ಯಾರೇಜುಗಳಲ್ಲಿ ನಾನಂತೂ ಎಲ್ಲೂ ನೋಡಿಲ್ಲ.

ಗಾಡಿಯ ಮೇಲೇ ನೋಡಬೇಕು ಅನ್ನುವವರು ಚಾರ್ಜಿಂಗ್ ವೈರುಗಳನ್ನು ಆರ್‌ಆರ್ ಯೂನಿಟ್ಟಿನಿಂದ ಕಳಚಿ, ಆ ವೈರುಗಳಿಗೇ ನೇರ 35 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಕೊಡಿ. ತಣ್ಣಗಿದ್ದಾಗ ಬೆಳ್ಳಗೆ ಉರಿದದ್ದು ಒಂದು ಘಾಟಿ ಸುತ್ತಿ ಬಂದ ಮೇಲೆ ಕೆಂಪಗಾದರೆ ಮುಗಿಯಿತು. ಬಲ್ಬ್ ಇಲ್ಲದೆ ಬರೀ ಎ.ಸಿ. ವೋಲ್ಟ್ ಅಳೆದು ತೃಪ್ತಿ ಪಡಬೇಡಿ, ಲೋಡ್ ಇಲ್ಲದಿದ್ದರೆ ಕೆಟ್ಟ ಕಾಯಿಲೂ ಸಾಕಷ್ಟು ವೋಲ್ಟ್ ತೋರಿಸುತ್ತದೆ.

ಬಿಚ್ಚುವುದು ನಿಮಗೆ ಗೊತ್ತಿದ್ದದ್ದೇ. ಎಡ ಫುಟ್‌ರೆಸ್ಟ್, ಬ್ರೇಕ್ ಪೆಡಲ್, ಆಮೇಲೆ ಪ್ರೈಮರಿ ಕವರ್ (ಎಂಜಿನ್ನಿನ ಎಡಗಡೆಯ ಮುಚ್ಚಳ, ಅದರೊಳಗೆ ಆಯಿಲಿನಲ್ಲಿ ಸ್ಟೇಟರ್) ಹಿಡಿದ ಆ ಒಂದೇ ಒಂದು ದೊಡ್ಡ ನಟ್. ಆಯಿಲ್ ಕೆಳಗೆ ಚೆಲ್ಲದಿದ್ದರೆ ನೀವು ನನಗಿಂತ ಜಾಣರು.

ಇನ್ನು ಸುತ್ತಿಸಿದ ಕಥೆ. ಮೇಸ್ತ್ರಿ ಮೊದಲು ಒಪ್ಪಲಿಲ್ಲ. 'ಹತ್ತು ಎಚ್.ಪಿ. ಮೋಟರ್ ತನ್ನಿ, ಸಂಜೆಗೆ ಕೊಡ್ತೇನೆ. ಈ ಆಟಿಕೆ ಸಾಮಾನು ಬೇಡ' ಅಂದರು. ಹಳೇ ಕಾಯಿಲ್ ಬಿಚ್ಚುವಾಗ ಸುತ್ತು ಎಣಿಸಲು ನಾನೇ ಕೂತೆ. ಲೆಕ್ಕಕ್ಕೆ ಹಿಡಿದದ್ದು ಜೆ.ಸಿ. ರಸ್ತೆಯದನ್ನಲ್ಲ, ಮೊದಲಿಂದ ಇದ್ದ ಒರಿಜಿನಲನ್ನು. ಎರಡನ್ನೂ ಎಣಿಸಿದ್ದರಿಂದ ಹೇಳುತ್ತೇನೆ, ನಕಲಿಯಲ್ಲಿ ತಂತಿಯೂ ಸಪೂರ, ಸುತ್ತೂ ಕಮ್ಮಿ. ಗೇಜ್ ಅಳೆಯುವ ಮುಂಚೆ ಇನಾಮಲ್ ಸುಟ್ಟು ಒರೆಸಿ, ಇಲ್ಲದಿದ್ದರೆ ಮೈಕ್ರೋಮೀಟರ್ ಒಂದು ನಂಬರ್ ದಪ್ಪ ತೋರಿಸುತ್ತದೆ. ನನ್ನ ಸುತ್ತಿನ ಲೆಕ್ಕ ಇಲ್ಲಿ ಬರೆಯುವುದಿಲ್ಲ. ವರ್ಷಕ್ಕೊಂದು ಥರ ಸ್ಟೇಟರ್ ಬಂದಿದೆ, ನಿಮ್ಮದನ್ನು ನೀವೇ ಎಣಿಸಿ.

ಮೊದಲ ಸಲ ಸುತ್ತಿಸಿದಾಗ ಔಟ್‌ಪುಟ್ ಅರ್ಧಕ್ಕೆ ನಿಂತಿತು. ಪಕ್ಕಪಕ್ಕದ ಕಾಯಿಲುಗಳು ಒಂದು ಬಲಕ್ಕೆ ಸುತ್ತಿದ್ದರೆ ಇನ್ನೊಂದು ಎಡಕ್ಕೆ ಇರಬೇಕು. ಅಂಗಡಿಯ ಹುಡುಗ ಒಂದನ್ನು ಉಲ್ಟಾ ಸುತ್ತಿದ್ದ, ಅದು ಇನ್ನೊಂದರ ಕರೆಂಟನ್ನು ತಿಂದು ಹಾಕುತ್ತಿತ್ತು. ಅದನ್ನು ಸರಿಮಾಡಿದ ಮೇಲೆ ಚಾರ್ಜಿಂಗ್ ಬಂತು, ಆದರೆ ಎರಡು ತಿಂಗಳಲ್ಲಿ ಪ್ರೈಮರಿ ಆಯಿಲ್ ಕಂದು ಬಣ್ಣಕ್ಕೆ ತಿರುಗಿತು. ಪಂಪಿಗೆ ಹಾಕುವ ಗಾಳಿಗೆ ಒಣಗುವ ಕೆಂಪು ವಾರ್ನಿಷ್ ಬಿಸಿ ಆಯಿಲಿನಲ್ಲಿ ಕರಗುತ್ತಿತ್ತು! ಮೆಕ್ಯಾನಿಕ್ಕುಗಳು 'ನಾವು ಹೇಳಿರಲಿಲ್ವಾ' ಎಂದದ್ದು ಆಗಲೇ. ಆದರೆ ಕಾಯಿಲ್ ಸುಟ್ಟಿರಲಿಲ್ಲ. ತಂತಿ, ಸುತ್ತು ಎಲ್ಲ ಸರಿಯಿದ್ದು ಬರೀ ಲೇಪ ಕೈಕೊಟ್ಟಿತ್ತು.

ಇಲ್ಲಿಂದ ನನ್ನ ಹುಚ್ಚು ಶುರು. ತಂತಿಯ ತುಂಡುಗಳಿಗೆ ಬೇರೆ ಬೇರೆ ವಾರ್ನಿಷ್, ಎರಡು ಬಗೆಯ ಎಪಾಕ್ಸಿ ಹಚ್ಚಿ, ಒಂದೊಂದನ್ನೂ ಆಯಿಲ್ ತುಂಬಿದ ಸ್ಟೀಲ್ ಲೋಟದಲ್ಲಿ ಮುಳುಗಿಸಿ ಬಚ್ಚಲ ಒಲೆಯ ಹಂಡೆಯ ಪಕ್ಕ ಸಾಲಾಗಿ ಇಟ್ಟೆ. ಮಲೆನಾಡಿನ ಬಚ್ಚಲ ಒಲೆ ಹೇಗೂ ಬೆಳಿಗ್ಗೆ ಸಂಜೆ ಉರಿಯುತ್ತದೆ, ಸೌದೆಯ ಖರ್ಚೂ ಇಲ್ಲ. ಅರ್ಧ ಲೋಟಗಳಲ್ಲಿ 20ಡಬ್ಲ್ಯು-50 ಎಂಜಿನ್ ಆಯಿಲ್, ಇನ್ನರ್ಧದಲ್ಲಿ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್). ತಿಂಗಳ ಮೇಲೆ ಉಗುರಿನಲ್ಲಿ ಕೆರೆದು ನೋಡಿದೆ. ಗಾಳಿಗೆ ಒಣಗುವ ವಾರ್ನಿಷ್ ಎರಡರಲ್ಲೂ ಸಿಪ್ಪೆ ಎದ್ದಿತ್ತು. ಕಾಯಿಸಿ ಗಟ್ಟಿ ಮಾಡಿದ ವಾರ್ನಿಷ್ ನಿಂತಿತ್ತು. ಎಪಾಕ್ಸಿಗಳಲ್ಲಿ ಒಂದು ಅಂಟಂಟು, ಇನ್ನೊಂದು ಕಲ್ಲು. ಆ ಕಲ್ಲಾದದ್ದು ಯಾವುದು, ಅದನ್ನು ಸುತ್ತುಗಳ ಸಂದಿಗೆ ಗುಳ್ಳೆ ಬಾರದಂತೆ ಇಳಿಸುವುದು ಹೇಗೆ ಎಂಬುದು ಮೇಸ್ತ್ರಿಗೂ ನನಗೂ ಬಿಟ್ಟದ್ದು. ಅವರಿಗೆ ಈಗ ಅದೇ ಸಂಪಾದನೆ, ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕಲಾರೆ. ಅದಿಲ್ಲದೆಯೂ, 180 ಡಿಗ್ರಿಯ ಕ್ಲಾಸ್ ಎಚ್ ತಂತಿ ತೆಗೆದುಕೊಂಡು, ವಾರ್ನಿಷನ್ನು ಒಲೆಯಲ್ಲಿ ಸರಿಯಾಗಿ ಕಾಯಿಸಿದರೆ ಮುಕ್ಕಾಲು ಪಾಲು ಕೆಲಸ ಆದಂತೆಯೇ. ಮೇಸ್ತ್ರಿಯ ಒಲೆ ಎಂದರೆ 200 ವ್ಯಾಟಿನ ಬಲ್ಬುಗಳನ್ನು ಇಳಿಬಿಟ್ಟ ತಗಡಿನ ಡ್ರಮ್ಮು. ಒಂದು ರಾತ್ರಿ ಅದರೊಳಗೆ ಇಟ್ಟೆವು.

ನಡುವೆ ಇನ್ನೊಂದು ಆಸೆ ಹುಟ್ಟಿತು, ಸುತ್ತು ಶೇ. 10 ಹೆಚ್ಚಿಸಿದರೆ? ಐಡಲಿಂಗಿನಲ್ಲಿ ಚಾರ್ಜಿಂಗ್ ಸ್ವಲ್ಪ ಸುಧಾರಿಸಿತು, ಮೂಡಿಗೆರೆ ಪೇಟೆಯೊಳಗೆ ಅಡ್ಡಾಡುವವರಿಗೆ ಒಳ್ಳೆಯದು. ಆದರೆ ಜಾಗ ಸಾಲದೆ ತಂತಿ ಸಪೂರ ಹಾಕಬೇಕಾಯಿತು, ಓಟದಲ್ಲಿ ಆಂಪ್ ಕಮ್ಮಿ, ಕಾಯಿಲೂ ಹೆಚ್ಚು ಬಿಸಿ. ಕಂಪನಿಯ ಲೆಕ್ಕಕ್ಕೇ ವಾಪಸ್ ಬಂದೆ. ಆ ಸ್ಟೇಟರ್ ಈಗಲೂ ಕಪಾಟಿನಲ್ಲಿದೆ, ಯಾರಿಗಾದರೂ ಬೇಕಿದ್ದರೆ 500ಕ್ಕೆ ಕೊಡುತ್ತೇನೆ.

ಕೂರಿಸುವಾಗ ಗ್ಯಾಪ್ ಮುಖ್ಯ, ರೋಟರಿಗೂ (ಒಳಗೆ ತಿರುಗುವ ಮ್ಯಾಗ್ನೆಟ್) ಸ್ಟೇಟರಿಗೂ ನಡುವೆ ಸುತ್ತಲೂ 8 ಥೌ (ಇಂಚಿನ ಸಾವಿರದಲ್ಲಿ ಎಂಟು ಭಾಗ). ಸಂದಿ ಅಳೆಯುವ ಸ್ಟೀಲ್ ಫೀಲರ್ ಗೇಜನ್ನು ಮ್ಯಾಗ್ನೆಟ್ ಹಿಡಿದುಕೊಳ್ಳುತ್ತದೆ, ಅಳತೆ ಕೈಗೆ ಸಿಗುವುದಿಲ್ಲ. ಹಳೇ ಎಕ್ಸ್-ರೇ ಫಿಲ್ಮ್ ಕತ್ತರಿಸಿ ರೋಟರಿಗೆ ಸುತ್ತಿ, ಸ್ಟೇಟರ್ ತಳ್ಳಿ, ನಟ್ ಬಿಗಿ ಮಾಡಿ, ಫಿಲ್ಮ್ ಎಳೆದು ತೆಗೆಯಿರಿ. ಅದರ ದಪ್ಪ ಹೆಚ್ಚುಕಮ್ಮಿ ಅಷ್ಟೇ. ನನ್ನ ಮಾವನವರ ಮೊಣಕಾಲಿನ ಎಕ್ಸ್-ರೇ ಈ ಊರಿನ ಅದೆಷ್ಟೋ ಬುಲೆಟ್ಟುಗಳಿಗೆ ಕೆಲಸ ಮಾಡಿದೆ. ಫಿಲ್ಮ್ ಸಲೀಸಾಗಿ ಬರದಿದ್ದರೆ ಒಂದು ಕಡೆ ತಾಗುತ್ತಿದೆ, ಸ್ಟಡ್ ಬಾಗಿದೆಯಾ ನೋಡಿ. ವೈರು ಹೊರಬರುವ ತೂತಿನ ರಬ್ಬರ್ ಬಳೆ (ಗ್ರಾಮೆಟ್) ಹೊಸದು ಹಾಕಿ, ಒಳಗಿನ ತುಂಡಿಗೆ ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿ. ಸಾದಾ ಪಿವಿಸಿ ವೈರು ಬಿಸಿ ಆಯಿಲಿನಲ್ಲಿ ಗಟ್ಟಿಯಾಗಿ ಒಡೆಯುತ್ತದೆ, ಆಮೇಲೆ ಕಾಯಿಲನ್ನು ಬೈದು ಪ್ರಯೋಜನವಿಲ್ಲ.

ಕೊನೆಯ ಸ್ಟೇಟರಿಗೆ ತಂತಿ, ಸ್ಲೀವ್, ವಾರ್ನಿಷ್, ಕೂಲಿ ಸೇರಿ 1,100 ಆಗಿರಬೇಕು. ಕೆಟ್ಟುಹೋದ ಪ್ರಯೋಗಗಳನ್ನೂ ಸೇರಿಸಿದರೆ ಮೂರು ಸಾವಿರದೊಳಗೆ. ಈಗ ಮೇಸ್ತ್ರಿ ಗಿರಾಕಿಗಳಿಗೆ 1,500 ಹೇಳುತ್ತಿದ್ದಾರೆ, ಚೌಕಾಸಿ ಮಾಡಿದರೆ ಬಿಡುತ್ತಾರೆ. ಮಳೆಗಾಲದಲ್ಲಿ ಮಾತ್ರ ಹೋಗಿ. ಬೇಸಿಗೆಯಲ್ಲಿ ತೋಟದ ಪಂಪುಗಳ ಸಾಲು ಅಂಗಡಿಯ ಹೊರಗಿನವರೆಗೂ ಇರುತ್ತದೆ, ನಿಮ್ಮ ಸ್ಟೇಟರ್ ಮೂಲೆಯಲ್ಲಿ ಬಿದ್ದಿರುತ್ತದೆ.