ಹಳೇ ಬ್ರಿಟಿಷ್ ಪೆನ್ನಿ ಸಿಕ್ಕಿದೆಯಾ? ಇಸವಿಯನ್ನು ಕೊನೆಗೆ ನೋಡಿ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಹಳೇ ತೋಟದ ಮನೆಗಳಲ್ಲಿ ಟ್ರಂಕು ಖಾಲಿ ಮಾಡುವಾಗ ಕಾಲಾಣೆಗಳ ಜೊತೆ ಒಂದೊಂದು ದೊಡ್ಡ ಕಂದು ನಾಣ್ಯ ಸಿಗುವುದುಂಟು. ಒಂದು ಕಡೆ ರಾಜನೋ ರಾಣಿಯೋ, ಇನ್ನೊಂದು ಕಡೆ ತ್ರಿಶೂಲ ಹಿಡಿದು ಕೂತ ಹೆಂಗಸು. ಅವಳು ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಂಗಸಾಗಿ ತೋರಿಸಿದ ರೂಪ. ಆ ನಾಣ್ಯ ಇಂಗ್ಲೆಂಡಿನ ಪೆನ್ನಿ. ಕಾಫಿ ತೋಟದ ಬಿಳಿ ದೊರೆಗಳ ಜೇಬಿನಿಂದ ಉಳಿದದ್ದಿರಬಹುದು. ಹೆಚ್ಚಿನವಕ್ಕೆ ದೊಡ್ಡ ಬೆಲೆ ಇಲ್ಲ, ಯಾಕಂದ್ರೆ ಎಷ್ಟೋ ವರ್ಷ ಕೋಟಿಗಟ್ಟಲೆ ಟಂಕಿಸಿದ್ದಾರೆ. ಆದರೆ ಕೆಲವು ಇಸವಿ, ಕೆಲವು ಸಣ್ಣ ವ್ಯತ್ಯಾಸಗಳಿಗೆ ಒಳ್ಳೇ ಬೆಲೆ ಇದೆ. ಅದಕ್ಕೇ ಇಸವಿ ತಿದ್ದುವವರೂ ಇದ್ದಾರೆ.

ಮೊದಲು ತೂಕ. ಗುರುತಿರುವ ಚಿನಿವಾರರ ಅಂಗಡಿಗೆ ಹೋದರೆ ಒಂದು ನಿಮಿಷದ ಕೆಲಸ. 1860ರಿಂದ ಬಂದ ಕಂಚಿನ ಪೆನ್ನಿ ಸುಮಾರು 9.4 ಗ್ರಾಂ, ಅಗಲ 31 ಮಿಲಿಮೀಟರಿಗೆ ಚೂರು ಕಮ್ಮಿ. ಸವೆದಿದ್ದರೆ ತೂಕ ಸ್ವಲ್ಪ ಇಳಿಯುತ್ತೆ, ಆದರೆ ಏಳು ಗ್ರಾಂಗೆಲ್ಲ ಇಳಿಯಲ್ಲ. ಅದಕ್ಕೂ ಹಿಂದಿನದು ತಾಮ್ರದ್ದು, 34 ಮಿಲಿಮೀಟರ್, ಹೆಚ್ಚುಕಮ್ಮಿ 19 ಗ್ರಾಂ. ಆಯಸ್ಕಾಂತ ಎರಡಕ್ಕೂ ಅಂಟಬಾರದು. ಅಂಚು ನುಣ್ಣಗಿರಬೇಕು. ಅಂಚಿನ ಸುತ್ತ ಬೆಸೆದ ಗೆರೆ ಕಂಡರೆ ಅದು ಅಚ್ಚಿಗೆ ಲೋಹ ಸುರಿದು ಎರಕ ಹೊಯ್ದದ್ದು, ಅಲ್ಲಿಗೆ ಕತೆ ಮುಗೀತು.

ಇನ್ನು ಇಸವಿ. ನಾಣ್ಯದಲ್ಲಿ ತಿದ್ದೋಕೆ ಸುಲಭವಾದ ಜಾಗ ಅದೊಂದೇ. ಹಾಗಾಗಿ ಅದನ್ನು ಬೆರಳಿಂದ ಮುಚ್ಚಿ, ಉಳಿದದ್ದನ್ನು ನೋಡಿ, ಇದು ಯಾವ ಕಾಲದ್ದಿರಬಹುದು ಅಂತ ನೀವೇ ಹೇಳಿಕೊಳ್ಳಿ. ಆಮೇಲೆ ಬೆರಳು ತೆಗೆಯಿರಿ.

ಕಂಚಿನ ಪೆನ್ನಿಯಲ್ಲಿ ತುರುಬು ಕಟ್ಟಿದ ವಿಕ್ಟೋರಿಯಾ ಇದ್ದರೆ 1860ರಿಂದ 1894. ಮುಸುಕು ಹಾಕಿದ ವಯಸ್ಸಾದ ವಿಕ್ಟೋರಿಯಾ 1895ರಿಂದ 1901. ಏಳನೇ ಎಡ್ವರ್ಡ್ 1902ರಿಂದ 1910, ಐದನೇ ಜಾರ್ಜ್ 1911ರಿಂದ 1936, ಆರನೇ ಜಾರ್ಜ್ 1937ರಿಂದ, ಎಲಿಜಬೆತ್ 1953ರಿಂದ. ಹಿಂಬದಿಯಲ್ಲಿ ಬ್ರಿಟಾನಿಯಾಳ ಒಂದು ಕಡೆ ದೀಪಸ್ತಂಭ, ಇನ್ನೊಂದು ಕಡೆ ಹಡಗು ಇರುವುದು 1894ರವರೆಗೆ. 1895ರಲ್ಲಿ ಎರಡನ್ನೂ ತೆಗೆದರು. 1937ರಲ್ಲಿ ದೀಪಸ್ತಂಭ ಮಾತ್ರ ವಾಪಸ್ ಬಂತು, ಹಡಗು ಬರಲಿಲ್ಲ.

ನಮಗೆ ಸಂಬಂಧಪಟ್ಟ ಒಂದು ಗುರುತೂ ಇದೆ. ರಾಜನ ತಲೆ ಸುತ್ತ ಬರೆದಿರುವ ಬಿರುದುಗಳಲ್ಲಿ ‘ಇಂಡ್ ಇಂಪ್’ ಅಂತ ಇರುತ್ತೆ, ಭಾರತದ ಚಕ್ರವರ್ತಿ ಅಂತ. ಪೆನ್ನಿಯ ಮೇಲೆ ಇದು ಬಂದದ್ದು 1895ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ಮೇಲೆ, 1949ರ ಪೆನ್ನಿಯಿಂದ, ತೆಗೆದುಹಾಕಿದರು. 1950 ಮತ್ತು 1951ರ ಪೆನ್ನಿಗಳು ಕಮ್ಮಿ, 1951ರದ್ದು ಬರೀ 1,20,000. ಯಾರಾದರೂ 1940ರ ನಾಣ್ಯದ 4 ಕೆರೆದು 5 ಮಾಡಿ ತಂದರೆ ಲೆನ್ಸೇ ಬೇಡ, ‘ಇಂಡ್ ಇಂಪ್’ ಅಲ್ಲೇ ಕೂತು ಸಾಕ್ಷಿ ಹೇಳುತ್ತೆ.

ಕೆಲವು ಇಸವಿಗಳಂತೂ ಇರೋಕೇ ಸಾಧ್ಯವಿಲ್ಲ. 1923, 1924, 1925ರ ಪೆನ್ನಿ ಇಲ್ಲ. 1941ರಿಂದ 43ರವರೆಗೂ ಇಲ್ಲ, 1955ರಿಂದ 60ರವರೆಗೂ ಇಲ್ಲ. 1952 ಮತ್ತು 1954ರದ್ದು ತಲಾ ಒಂದೇ ಒಂದು ಉಳಿದಿದೆ. ನಿಮ್ಮ ಕೈಲಿರುವ 1954 ಬಹುಶಃ 1964 ಆಗಿತ್ತು.

ಎಲ್ಲರ ಕಣ್ಣೂ ಇರುವುದು 1933ರ ಮೇಲೆ. ಆ ವರ್ಷ ಬ್ಯಾಂಕುಗಳಲ್ಲಿ ಪೆನ್ನಿ ಬೇಕಾದಷ್ಟಿತ್ತು, ಹಾಗಾಗಿ ಚಲಾವಣೆಗೆ ಟಂಕಿಸಲಿಲ್ಲ. ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇಡೋಕೆ, ಮ್ಯೂಸಿಯಮ್ಮಿಗೆ ಅಂತ ಬೆರಳೆಣಿಕೆಯಷ್ಟು ಮಾಡಿದರು. ಲೀಡ್ಸ್ ಊರಿನ ಒಂದು ಚರ್ಚಿನ ಅಡಿಗಲ್ಲಿನ ಕೆಳಗಿದ್ದದ್ದನ್ನು 1970ರಲ್ಲಿ ಕದ್ದೇ ಒಯ್ದರು! ನಿಮಗೆ 1933 ಸಿಕ್ಕರೆ ಅದು ಅದೇ ಹತ್ತು ವರ್ಷದ ಬೇರೆ ನಾಣ್ಯದ ಕೊನೇ ಅಂಕಿ ತಿದ್ದಿದ್ದು ಅಂತಲೇ ಶುರು ಮಾಡಿ. ವಾಚ್ ರಿಪೇರಿಯವರ ಹತ್ತು ಪಟ್ಟಿನ ಲೆನ್ಸ್ ತಗೊಂಡು, ಟಾರ್ಚನ್ನು ಮೇಲಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ. ಎರಡು 3 ಅಕ್ಕಪಕ್ಕ ಇವೆಯಲ್ಲ, ಒಂದಕ್ಕೊಂದು ಹೋಲಿಸಿ. ಎತ್ತರ, ದಪ್ಪ, ಬಾಗು, ಸವೆತ ಎಲ್ಲಾ ಒಂದೇ ಥರ ಇರಬೇಕು. ತಿದ್ದಿದ 3 ಸಾಮಾನ್ಯವಾಗಿ ತೆಳ್ಳಗಾಗಿರುತ್ತೆ, ಇಲ್ಲವೇ ಅದರ ಬುಡದಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತೆ. ಟಂಕಿಸಿದ ಅಂಕಿ ನೆಲದಿಂದಲೇ ಎದ್ದ ಹಾಗಿರುತ್ತೆ, ಅಂಟಿಸಿದ್ದು ನೆಲದ ಮೇಲೆ ಕೂತ ಹಾಗಿರುತ್ತೆ. ಸುತ್ತಲಿನ ಜಾಗವನ್ನೂ ಬಿಡಬೇಡಿ. ಒಂದು ಅಂಕಿಯ ಅಕ್ಕಪಕ್ಕ ಮಾತ್ರ ತಗ್ಗು, ಗೀರು, ಅಥವಾ ಬಣ್ಣ ಬೇರೆ ಅಂದ್ರೆ ಅಲ್ಲಿ ಯಾರದೋ ಕೈ ಆಡಿದೆ.

1882ರದ್ದು ಉಲ್ಟಾ ಕೇಸು. ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆ ಮಾಡಿದ್ದಕ್ಕೆ ಇಸವಿಯ ಕೆಳಗೆ ಪುಟ್ಟ ‘ಎಚ್’ ಇರುತ್ತೆ, ಅದು ಸಾಮಾನ್ಯ. ಎಚ್ ಇಲ್ಲದ 1882 ಬಹಳ ಅಪರೂಪ. ಇಲ್ಲಿ ಸೇರಿಸುವ ಕೆಲಸವಿಲ್ಲ, ಕೆರೆದು ತೆಗೆದರೆ ಸಾಕು. ಇಸವಿ ಕೆಳಗಿನ ಜಾಗ ಗುಳಿಬಿದ್ದಿದೆಯಾ, ಅತಿಯಾಗಿ ನುಣುಪಾಗಿದೆಯಾ ನೋಡಿ. ನಾಣ್ಯವೇ ಪೂರ್ತಿ ಸವೆದಿದ್ದರೆ ಎಚ್ ತಾನಾಗೇ ಅಳಿಸಿರಬಹುದು, ಅಂಥದ್ದಕ್ಕೆ ಆಸೆ ಇಟ್ಟುಕೊಳ್ಳಬೇಡಿ.

ಅಂಕಿಯ ಮೇಲೆ ಅಂಕಿ ಕಂಡ ಕೂಡಲೇ ನಕಲಿ ಅನ್ನೋದೂ ತಪ್ಪು. 1865ರಲ್ಲಿ ಟಂಕಸಾಲೆಯವರೇ 3ರ ಮೇಲೆ 5 ಒತ್ತಿದ ಅಚ್ಚು ಬಳಸಿದ್ದಾರೆ, ಅದಕ್ಕೆ ಬೆಲೆ ಜಾಸ್ತಿ. ಅಚ್ಚಿನಲ್ಲೇ ಹಾಗಿದ್ದರಿಂದ ಕೆಳಗಿನ 3ರ ತುಣುಕುಗಳೂ ಉಬ್ಬಿಯೇ ಇರುತ್ತವೆ, ಸುತ್ತ ಗೀರು ಇರಲ್ಲ.

ಇಸವಿ ಮಾಮೂಲಿ ಅಂತ ಬಿಸಾಡಬೇಡಿ, ಒಳಭೇದ ನೋಡಿ. 1902ರಲ್ಲಿ ಬ್ರಿಟಾನಿಯಾಳ ಹಿಂದೆ ಸಮುದ್ರದ ಗೆರೆ ಅವಳ ಕಾಲು ಒಂದರ ಮೇಲೊಂದು ಬರುವ ಮಟ್ಟಕ್ಕಿದ್ದರೆ ಸಾಮಾನ್ಯ, ಅದಕ್ಕಿಂತ ಕೆಳಗಿದ್ದರೆ ಕಮ್ಮಿ ಸಿಗುವಂಥದ್ದು. 1895ರಲ್ಲಿ ತ್ರಿಶೂಲಕ್ಕೂ ‘ಪೆನ್ನಿ’ ಪದದ ಮೊದಲ ಅಕ್ಷರಕ್ಕೂ ನಡುವೆ ಒಂದು ಮಿಲಿಮೀಟರ್ ಇದ್ದರೆ ಮಾಮೂಲಿ, ಎರಡಿದ್ದರೆ ಅಪರೂಪ. 1918 ಮತ್ತು 1919ರಲ್ಲಿ ಇಸವಿಯ ಎಡಕ್ಕೆ ‘ಎಚ್’ ಅಥವಾ ‘ಕೆಎನ್’ ಇದೆಯಾ ನೋಡಿ, ಕೆಎನ್ ಅಂದರೆ ಕಿಂಗ್ಸ್ ನಾರ್ಟನ್ ಅನ್ನುವ ಇನ್ನೊಂದು ಟಂಕಸಾಲೆ, ಅದರದ್ದು ಇನ್ನೂ ಕಮ್ಮಿ. 1863ರಲ್ಲಿ ಇಸವಿಯ ಕೆಳಗೆ ಒಂಟಿ ಅಂಕಿ ಇದ್ದರೆ ಅದು ಅಚ್ಚಿನ ನಂಬರು, ಬಹಳ ಅಪರೂಪ. 1869 ಯಾವ ಒಳಭೇದವೂ ಇಲ್ಲದೆಯೇ ಬೆಲೆಬಾಳುತ್ತೆ.

ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ನಿಂಬೆ, ಪೀತಾಂಬರಿ ಎಲ್ಲಾ ದೇವರ ಮನೆಯ ದೀಪಕ್ಕೆ ಸರಿ. ನಾಣ್ಯ ಫಳಫಳ ಹೊಳೆದರೆ ಬೆಲೆ ಬಿತ್ತು ಅಂತಲೇ ಅರ್ಥ, ಜೊತೆಗೆ ತಿದ್ದಿದ ಗುರುತೂ ಅಳಿಸಿಹೋಗುತ್ತೆ.

ಮಾರುವ ಯೋಚನೆ ಇದ್ದರೆ ಎರಡು ವಿಷಯ. ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಫೀಸು, ಟ್ಯಾಕ್ಸು ಕಟ್ಟಿ ಅಂತ ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಫೋನ್ ಬಂದರೆ ಕಟ್ ಮಾಡಿ, 2021ರಲ್ಲಿ ರಿಸರ್ವ್ ಬ್ಯಾಂಕೇ ಈ ಮೋಸದ ಬಗ್ಗೆ ಎಚ್ಚರಿಸಿದೆ. ಇನ್ನೊಂದು, ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತು. ಅದನ್ನು ಲಂಡನ್ನಿನ ಹರಾಜಿಗೆ ಅಂತ ಸುಮ್ನೆ ಕೊರಿಯರ್ ಮಾಡುವ ಹಾಗಿಲ್ಲ.