ಟೂಲ್ ಬಾಕ್ಸ್ ಮುಚ್ಚಳದೊಳಗಿನ ಪಂಚಾಂಗ

ನಮ್ಮ ಮನೆಯ ಜಾವಾ ಬೈಕು 1968ರದ್ದು. ಅದರ ಟೂಲ್ ಬಾಕ್ಸಿನ ಮುಚ್ಚಳ ತೆಗೆದು ತಿರುಗಿಸಿದರೆ ಒಳಗಡೆ ಬಿಳಿ ಪೇಂಟಿನಲ್ಲಿ ಅಪ್ಪ ಬರೆದ ನಾಲ್ಕು ಸಾಲು ಕಾಣುತ್ತವೆ: ಕ್ರೈಸ್ತ ಪಂಚಾಂಗದ ದಿನ, ಅದರ ಮುಂದೆ ಗಾಡಿಗೆ ಮಾಡಬೇಕಾದ ಕೆಲಸ.

ಬೂದಿ ಬುಧವಾರ – ಸೈಲೆನ್ಸರ್.
ಪಾಸ್ಖ (ಈಸ್ಟರ್) – ಗೇರ್ ಆಯಿಲ್.
ಅಂತೋಣಿ ಹಬ್ಬ – ಚೈನು, ಬ್ರೇಕು.
ಮೃತರ ದಿನ – ಪಾಯಿಂಟು, ಪ್ಲಗ್ಗು.

ಇಷ್ಟು ಹಳೆಯ ಗಾಡಿಯನ್ನು ಹೇಗೆ ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದೀರಿ ಎಂದು ಸಿಗ್ನಲ್‌ಗಳಲ್ಲಿ ನಿಲ್ಲಿಸಿ ಕೇಳುತ್ತಾರೆ. ಚರ್ಚಿನ ಪೂಜೆಗೆ ಹೋಗುವುದನ್ನು ಬಿಟ್ಟವನು ಮತ್ತೆ ಹೇಗೆ ಹಿಡಿದೆ ಎಂದು ಕೇಳಿದವರು ಒಬ್ಬಿಬ್ಬರು ಮಾತ್ರ. ಎರಡನ್ನೂ ಬೇರೆ ಬೇರೆಯಾಗಿ ಹೇಳಲು ನನಗೆ ಬರುವುದಿಲ್ಲ.

ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದರು. ಜೆಕೊಸ್ಲೊವಾಕಿಯಾದ ಗಾಡಿ ಮೈಸೂರಿನಲ್ಲಿ ತಯಾರಾಗತೊಡಗಿದ್ದು 1960ರ ದಶಕದ ಆರಂಭದಲ್ಲಿ. ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ನಡೆದು, ಲ್ಯಾಟಿನ್‌ನಲ್ಲಿದ್ದ ಪೂಜೆ ಕನ್ನಡಕ್ಕೆ ಬಂದದ್ದೂ ಅದೇ ದಶಕದಲ್ಲಿ. "ಕೆಲಸಾನೂ ಕೈಗೆ ಬಂತು, ಪೂಜೇನೂ ಬಾಯಿಗೆ ಬಂತು" ಎಂದು ಅಪ್ಪ ಅದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಟ್ಯಾಂಕಿನ ಮೇಲೆ ನಾನು, ಹಿಂದೆ ಅಮ್ಮ, ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ದೇವಾಲಯದ ಎರಡು ಗೋಪುರ ಕಾಣುತ್ತಲೇ ಅಪ್ಪ ಗೇರ್ ಇಳಿಸುತ್ತಿದ್ದರು. ದೇವಾಲಯದ ಹತ್ತಿರ ಎಂಜಿನ್ ಅರಚಬಾರದು ಎನ್ನುವುದು ಅವರ ನಿಯಮ.

1996ರಲ್ಲಿ ಕಾರ್ಖಾನೆ ಮುಚ್ಚಿತು. 1999ರಲ್ಲಿ ಅಮ್ಮ ಹೋದರು. ಅಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನಾನು ಜಪಸರ ಕೈಬಿಟ್ಟಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅದನ್ನು ಬೀರುವಿನಲ್ಲಿಟ್ಟೆ, ತೆಗೆಯಲಿಲ್ಲ. ಅಪ್ಪ ಒಂದು ಮಾತೂ ಆಡಲಿಲ್ಲ. ಗಾಡಿಯ ಮೇಲೆ ಟಾರ್ಪಾಲು ಹೊದಿಸಿ, ನಡೆದೇ ಪೂಜೆಗೆ ಹೋಗತೊಡಗಿದರು.

ಐದು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಗ್ಲಾಕೋಮಾದಿಂದ ಅವರ ಕಣ್ಣು ಮಂಜಾಗುತ್ತಾ ಬಂತು. ಒಂದು ಶನಿವಾರ ಸಂಜೆ ನನ್ನನ್ನು ಕರೆದು, "ನಾಳೆಯಿಂದ ನನ್ನ ಚರ್ಚಿಗೆ ಬಿಡಪ್ಪ. ನೀನು ಒಳಗೆ ಬರಬೇಕು ಅಂತೇನಿಲ್ಲ, ಗಾಡಿ ಹತ್ರ ನಿಂತಿರು" ಅಂದರು. ಆಟೋ ಮಾಡೋಣ ಎಂದೆ. "ಜಾವಾದಲ್ಲೇ ಹೋಗೋಣ" ಅಂದರು.

ಐದು ವರ್ಷ ನಿಂತ ಟೂ ಸ್ಟ್ರೋಕ್ ಎಂಜಿನ್ ಎಂದರೆ ಏನು ಎಂದು ಆಗ ಕಲಿತೆ. ಟ್ಯಾಂಕಿನಲ್ಲಿ ಪೆಟ್ರೋಲ್ ಆರಿ, ಬೆರೆಸಿದ್ದ ಆಯಿಲ್ ಮಾತ್ರ ಅಂಟಿನಂತೆ ಉಳಿದಿತ್ತು. ಅದೇ ಅಂಟು ಕಾರ್ಬುರೇಟರಿನ ಜೆಟ್ ಮುಚ್ಚಿತ್ತು. ಅದನ್ನೆಲ್ಲ ತೊಳೆದು ಹೊಸ ಪ್ಲಗ್ ಹಾಕಿದ ಮೇಲೆ ಹೇಗೋ ಸ್ಟಾರ್ಟ್ ಆಯಿತು. ಆದರೆ ಬಿಳಿ ಹೊಗೆ ಬೀದಿ ತುಂಬಾ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಅಪ್ಪ ಜಗಲಿಯ ಮೇಲೆ ಕೂತು ಮೂಗಿನಿಂದಲೇ ಪತ್ತೆ ಮಾಡಿದರು: "ಗೇರ್ ಆಯಿಲ್ ಉರೀತಾ ಇದೆ. ಕ್ರ್ಯಾಂಕ್ ಸೀಲ್ ಹೋಗಿದೆ." ಕ್ರ್ಯಾಂಕಿನ (ಪಿಸ್ಟನ್ನಿನಿಂದ ತಿರುಗುವ ದಂಡದ) ಪಕ್ಕದ ರಬ್ಬರ್ ಸೀಲ್ ಓಡುತ್ತಿದ್ದಾಗ ಎಣ್ಣೆಯಲ್ಲಿ ಮೆತ್ತಗಿರುತ್ತದೆ, ನಿಂತರೆ ಒಣಗಿ ಗಟ್ಟಿಯಾಗುತ್ತದೆ. ಆಗ ಎಂಜಿನ್ ಗೇರ್ ಬಾಕ್ಸಿನ ಎಣ್ಣೆಯನ್ನೇ ಎಳೆದುಕೊಂಡು ಸುಡುತ್ತದೆ. ಹೊಗೆ ಜಾಸ್ತಿಯಾಗಿ ಗೇರ್ ಆಯಿಲ್ ಮಟ್ಟವೂ ಇಳಿಯುತ್ತಿದ್ದರೆ, ರಿಂಗು ಪಿಸ್ಟನ್ ಎಂದು ದುಡ್ಡು ಸುರಿಯುವ ಮೊದಲು ಈ ಸೀಲ್ ನೋಡಿ. ಅಪ್ಪನ ಜೊತೆ ಕೆಲಸ ಮಾಡಿದ್ದ ಒಬ್ಬರು ಗ್ಯಾರೇಜ್ ಇಟ್ಟಿದ್ದರು. ಅವರ ಬಳಿ ಕೂತು ಎಂಜಿನ್ ಬಿಚ್ಚಿ, ಎರಡೂ ಕಡೆಯ ಸೀಲ್ ಬದಲಾಯಿಸಿದೆವು.

ಅಲ್ಲಿಂದ ಪ್ರತಿ ಭಾನುವಾರ ಅಪ್ಪ ಹಿಂದೆ ಕೂರುತ್ತಿದ್ದರು. ಕಣ್ಣು ಕಾಣದಿದ್ದರೂ ಎಂಜಿನ್ ಸದ್ದಿನಲ್ಲೇ ದಾರಿ ಅಳೆಯುತ್ತಿದ್ದರು. "ಎರಡಕ್ಕೆ ಇಳಿಸು, ಬಂತು" ಅನ್ನುವರು. ತಲೆ ಎತ್ತಿದರೆ ಗೋಪುರ ಇರುತ್ತಿತ್ತು. ಅವರನ್ನು ಬಾಗಿಲ ತನಕ ಕೈಹಿಡಿದು ಬಿಟ್ಟು ನಾನು ಗಾಡಿಯ ಬಳಿ ಬಂದು ನಿಲ್ಲುತ್ತಿದ್ದೆ. ಒಳಗಿನ ವಾಚನ, ಪ್ರಬೋಧನೆ, ಹಾಡು ಎಲ್ಲವೂ ಸ್ಪೀಕರಿನಲ್ಲಿ ಹೊರಗೂ ಕೇಳುತ್ತಿತ್ತು. ಕೇಳಬಾರದು ಎಂದುಕೊಂಡು ಕೈಗೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಬಲಗಡೆಯ ಕವರ್ ಬಿಚ್ಚಿ ಪಾಯಿಂಟ್ ತಿಕ್ಕುತ್ತಾ ಕೂತಿದ್ದೆ. ಎರಡು ಪುಟ್ಟ ಲೋಹದ ಬಿಲ್ಲೆಗಳು ಅವು. ಒಂದನ್ನೊಂದು ಬಿಡುವಾಗ ಕಿಡಿ ಹುಟ್ಟುತ್ತದೆ, ಮೇಲೆ ಮಸಿ ಕೂತರೆ ಕಿಡಿ ಸಾಯುತ್ತದೆ. ನಡುವಿನ ಅಂತರ 0.4 ಮಿಲಿಮೀಟರ್ ಇರಬೇಕು. ಆ ಅಂತರ ಹಿಡಿದು ನಿಲ್ಲಿಸುವ ಸ್ಕ್ರೂ ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಅದು ಕೈಜಾರಿ ಬಿತ್ತು. ಮಣ್ಣು, ಒಣ ಎಲೆ, ಜಲ್ಲಿ. ಮಂಡಿಯೂರಿ ಅಂಗೈಯಿಂದ ನೆಲ ಸವರುತ್ತಾ ಹುಡುಕಿದೆ. ಸಿಗಲಿಲ್ಲ. ಒಳಗೆ ಪೂಜೆ ಮುಗಿಯುವ ಹೊತ್ತು, ಅಪ್ಪನನ್ನು ಮನೆಗೆ ಕರೆದೊಯ್ಯಬೇಕು. ತಡವಾಗಿ ಬಂದ ಒಬ್ಬ ಅಜ್ಜಿ ನನ್ನನ್ನು ನೋಡಿ ನಿಂತು, "ಏನ್ ಕಳಕೊಂಡೆ ಮಗ?" ಅಂದರು. ಹೇಳಿದೆ. "ಅಂತೋಣಿಯವರನ್ನ ಕೇಳ್ಕೊ" ಅಂದು ಒಳಗೆ ಹೋದರು.

ಚಿಕ್ಕಂದಿನಲ್ಲಿ ಪೆನ್ಸಿಲ್ ಕಳೆದರೂ ಅಮ್ಮ ಇದನ್ನೇ ಹೇಳುತ್ತಿದ್ದರು. ಕಳೆದ ವಸ್ತು ಹುಡುಕಿಕೊಡುವ ಸಂತ. ಐದು ವರ್ಷ ಒಂದು ಪ್ರಾರ್ಥನೆಯನ್ನೂ ಹೇಳದ ಬಾಯಿಂದ ಅವತ್ತು ಒಂದು ಸ್ಕ್ರೂಗೋಸ್ಕರ ಮಾತು ಹೊರಟಿತು. ಸ್ಕ್ರೂ ಎಂದು ಶುರು ಮಾಡಿದ್ದು ಅಮ್ಮನ ಹೆಸರಿಗೆ ಬಂದು ನಿಂತಿತು. ಅಲ್ಲೇ ಗಾಡಿಗೆ ಒರಗಿ ತುಂಬಾ ಹೊತ್ತು ಅತ್ತೆ. ಸ್ಕ್ರೂ ಆಮೇಲೆ ಸೆಂಟರ್ ಸ್ಟ್ಯಾಂಡಿನ ಸಂದಿಯಲ್ಲಿ ಸಿಕ್ಕಿತು. ಅದನ್ನು ಪವಾಡ ಎಂದು ನಾನು ಯಾರಿಗೂ ಹೇಳಿಲ್ಲ. ಆದರೆ ಮುಂದಿನ ವಾರ ಕೊನೆಯ ಬೆಂಚಿನಲ್ಲಿ ಕೂತೆ. ಪರಮಪ್ರಸಾದಕ್ಕೆ, ಅಂದರೆ ಆಶೀರ್ವದಿಸಿದ ರೊಟ್ಟಿ ಪಡೆಯಲು, ಏಳಲಿಲ್ಲ, ಸುಮ್ಮನೆ ಕೂತೆ. ಏಳುವುದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು. ಅದಕ್ಕೆ ಮೊದಲು ಪಾಪನಿವೇದನೆಗೆ ಹೋದಾಗ, ದೇವರ ಮೇಲೆ ಸಿಟ್ಟಿದೆ ಎಂದೆ. ಸ್ವಾಮಿಗಳು, "ಸಿಟ್ಟಿರೋದನ್ನ ಅವರಿಗೇ ಹೇಳು, ಅದೂ ಪ್ರಾರ್ಥನೆಯೇ" ಅಂದರು.

ಈ ಹೊತ್ತಿಗೆ ಮುಚ್ಚಳದ ಪಂಚಾಂಗ ನನ್ನ ಕೈಗೆ ಬಂದಿತ್ತು. ಕಿಲೋಮೀಟರ್ ಲೆಕ್ಕದಲ್ಲಿ ಸರ್ವಿಸ್ ಮಾಡಿದರೆ ಸಾಲದೇ ಎಂದು ಅಪ್ಪನನ್ನು ಕೇಳಿದ್ದೆ. "ಕಡಿಮೆ ಓಡೋ ಗಾಡಿಗೆ ಕಿಲೋಮೀಟರ್ ತುಂಬೋದೇ ಇಲ್ಲ, ದಿನ ಮಾತ್ರ ತುಂಬ್ತಾವೆ" ಅಂದರು. ಅದು ನಿಜ. ವಾರಕ್ಕೆ ಹತ್ತು ಕಿಲೋಮೀಟರ್ ಓಡುವ ಹಳೆ ಗಾಡಿಗೆ ತಾರೀಖೇ ಅಳತೆ.

ಹಾಗಾಗಿ ಬೂದಿ ಬುಧವಾರದ ಹಿಂದಿನ ದಿನ ಎರಡೂ ಸೈಲೆನ್ಸರಿನ ಬ್ಯಾಫಲ್ (ಒಳಗಿನ ಸದ್ದಡಗಿಸುವ ಕೊಳವೆ) ಎಳೆದು, ಕಟ್ಟಿಗೆ ಬೆಂಕಿಯಲ್ಲಿ ಸುಟ್ಟು, ತಂತಿ ಬ್ರಷ್‌ನಿಂದ ತಿಕ್ಕುತ್ತೇನೆ. ಒಂದೇ ಸಿಲಿಂಡರಿನಿಂದ ಎರಡು ಸೈಲೆನ್ಸರಿಗೆ ಹೊಗೆ ಹೋಗುವ ಎಂಜಿನ್ ಇದು, ಎರಡರಲ್ಲೂ ವರ್ಷಕ್ಕೆ ಒಂದು ಹಿಡಿ ಕಪ್ಪು ಹೆಪ್ಪುಗಟ್ಟಿರುತ್ತದೆ. ಹೋದ ವರ್ಷದ ಗರಿಗಳ ಭಾನುವಾರ ಚರ್ಚಿನಲ್ಲಿ ಹಂಚಿದ ಗರಿಗಳನ್ನು ಸುಟ್ಟ ಬೂದಿಯನ್ನು ಮಾರನೆಯ ದಿನ ಹಣೆಗೆ ಹಚ್ಚಿಸಿಕೊಳ್ಳುವಾಗ ಉಗುರಲ್ಲಿ ಇನ್ನೂ ಆ ಮಸಿ ಇರುತ್ತದೆ. ನಂಬಿಕೆ ತಣ್ಣಗಿದ್ದ ವರ್ಷಗಳಲ್ಲೂ ಸೈಲೆನ್ಸರಿಗೋಸ್ಕರ, ಪಾಸ್ಖಕ್ಕೆ ಮುಂಚಿನ ತಪಸ್ಸು ಕಾಲ ಯಾವಾಗ ಶುರು ಎಂದು ಕ್ಯಾಲೆಂಡರ್ ನೋಡಲೇಬೇಕಿತ್ತು. ನೋಡಿದ ಮೇಲೆ ಹೋಗದೆ ಇರುವುದು ಕಷ್ಟವಾಗುತ್ತಿತ್ತು.

ಜೂನ್ 13, ಸಂತ ಅಂತೋಣಿಯವರ ಹಬ್ಬ. ಚೈನು, ಬ್ರೇಕು ನೋಡಿಕೊಂಡು ಇಲವಾಲದ ಮೇಲೆ ಕೆ.ಆರ್. ನಗರದ ಕಡೆ, ಡೋರ್ನಹಳ್ಳಿಗೆ. ರೈತನೊಬ್ಬ ಹೊಲ ಉಳುವಾಗ ಮರದ ಪ್ರತಿಮೆ ಸಿಕ್ಕಿ, ಅದು ಅಂತೋಣಿಯವರದೆಂದು ಆಮೇಲೆ ತಿಳಿಯಿತು ಎಂಬ ಕಥೆ ಅಲ್ಲಿನದು. ಜಾತಿ ಮತ ನೋಡದೆ ಜನ ಬರುತ್ತಾರೆ. ಜಾವಾಕ್ಕೆ ವರ್ಷದ ಉದ್ದದ ಓಟವೂ ಅದೇ.

ಜುಲೈ ಎರಡನೇ ಭಾನುವಾರ ಜಾವಾ ದಿನ. ಎಲ್ಲ ಕಡೆಯ ಜಾವಾ, ಅದೇ ಕಾರ್ಖಾನೆಯ ಯೆಜ್ಡಿಗಳು ಒಟ್ಟಿಗೆ ಸೇರುವ ದಿನ. ಮೊದಮೊದಲು ಪೂಜೆಯೋ ಗಾಡಿಯೋ ಎಂದು ನನಗೆ ಒಳಗೊಳಗೇ ಜಗ್ಗಾಟ. ಗೆಳೆಯರಿಗೆ ಒಮ್ಮೆ ಬಿಡಿಸಿ ಹೇಳಿದೆ, ಬೆಳಗಿನ ಮೊದಲ ಪೂಜೆ ಮುಗಿಸಿಯೇ ಬರುತ್ತೇನೆ, ನೀವು ಹೊರಡಿ ಎಂದು. ಮರುವರ್ಷ ಪೂಜೆ ಮುಗಿಸಿ ಹೊರಬಂದರೆ ಏಳು ಗಾಡಿಗಳು ಗೇಟಿನ ಹೊರಗೆ ಎಂಜಿನ್ ಆರಿಸಿ ನಿಂತಿದ್ದವು. ಅವರಲ್ಲಿ ಕ್ರೈಸ್ತರು ಒಬ್ಬರೂ ಇರಲಿಲ್ಲ. ಈಗಲೂ ಅಲ್ಲಿಂದಲೇ ಹೊರಡುತ್ತೇವೆ.

ಹಳೆಯ ಗಾಡಿ ಇರುವವರಿಗೆ ಒಂದೆರಡು ಮಾತು. ಪೆಟ್ರೋಲಿಗೆ ಆಯಿಲ್ ಲೀಟರಿಗೆ 40 ಎಂ.ಎಲ್. ಹಾಕಿ, ಕಣ್ಣಂದಾಜಿನಲ್ಲಿ ಸುರಿಯಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರು ಹೀರುತ್ತದೆ, ಹಳೆ ರಬ್ಬರನ್ನು ಹಾಳುಮಾಡುತ್ತದೆ. ಅದಕ್ಕೇ ಮನೆ ಸೇರುವ ಮೊದಲೇ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಖಾಲಿಯಾಗಿ ಎಂಜಿನ್ ತಾನೇ ನಿಲ್ಲುವ ಹಾಗೆ ಮಾಡುತ್ತೇನೆ. ಮತ್ತೆ, ವಾರಕ್ಕೊಮ್ಮೆ ಓಡಿಸಿ. ಮನಸ್ಸಿಲ್ಲದಿದ್ದರೂ ಓಡಿಸಿ.

ಅಪ್ಪ 2015ರಲ್ಲಿ ತೀರಿಕೊಂಡರು. ಆ ನವೆಂಬರ್ 2ರಂದು ಪಾಯಿಂಟ್ ತಿಕ್ಕಿ, ಪ್ಲಗ್ ಬದಲಿಸಿ, ಮೇಣದಬತ್ತಿ, ಸೇವಂತಿಗೆ ಹೂ ತೆಗೆದುಕೊಂಡು ಸಮಾಧಿಗೆ ಹೋದೆ. ಅಪ್ಪ ಅಮ್ಮ ಒಂದೇ ಕಡೆ ಇದ್ದಾರೆ. ಗೇಟಿನ ಹತ್ತಿರ ಕೈ ತಾನಾಗಿ ಥ್ರಾಟಲ್ ಸಡಿಲಿಸಿ, ಕಾಲು ಎರಡಕ್ಕೆ ಇಳಿಸಿತು.

ಕೆಲವು ವರ್ಷಗಳ ಕೆಳಗೆ ಗಾಡಿಗೆ ಪೂರ್ತಿ ಬಣ್ಣ ಹೊಡೆಸಿದಾಗ ಆ ಮುಚ್ಚಳದ ಒಳಭಾಗಕ್ಕೆ ಕಾಗದ ಅಂಟಿಸಿ ಕೊಟ್ಟಿದ್ದೆ. ಈಗ ಮಗಳು ಕಿಕ್ ಹೊಡೆಯುವುದನ್ನು ಕಲಿಯುತ್ತಿದ್ದಾಳೆ. ಜಾವಾದಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ತಿರುಗಿಸುವುದು ಅವಳಿಗೆ ಬಂದಿದೆ, ಸ್ಟಾರ್ಟ್ ಆದ ಮೇಲೆ ಅದನ್ನು ಮತ್ತೆ ಗೇರಿನ ಜಾಗಕ್ಕೆ ತರುವುದು ಇನ್ನೂ ಬಂದಿಲ್ಲ. ಈ ಶನಿವಾರ ಸಂಜೆ ಮತ್ತೆ ಕೂರುತ್ತೇವೆ.